ತೊಗರಿ ಖರೀದಿಗೆ ಸಮುದ್ರ ದಾಟುವ ತಮ್ಮನಿಗೆ

ತಮ್ಮಾ, ದಾಲ್ ಮಿಲ್ಲಿನ ಪರವಾಗಿ ಹೊರದೇಶಕ್ಕೆ ಹೊರಟಿದ್ದೀ ಅಂತ ನಿಮ್ಮಪ್ಪ ಹೇಳಿದ. ಒಮ್ಮೆ ರಂಗೂನು, ಒಮ್ಮೆ ದುಬೈ, ಆಮೇಲೆ ಆಫ್ರಿಕಾ ಅಂದ. ಸಂತೋಷ. ಕಾಳು ನೋಡುವುದನ್ನು ನಾನು ನಿನಗೆ ಹೇಳಿಕೊಡಬೇಕಾಗಿಲ್ಲ. ಒಂದು ಕಾಳು ಹಲ್ಲಿಗೆ ಹಾಕಿ ಕಡಿದರೆ ಸಾಕು, ತೇವ ಇದೆಯೋ ಇಲ್ಲವೋ ಹೇಳುವವನು ನೀನು. ಆದರೆ ಹೊರಗೆ ಹೋದ ನಮ್ಮವರಿಗೆ ಫಜೀತಿ ಆಗುವುದು ಕಾಳಿನಲ್ಲಲ್ಲ. ಚೀಲದಲ್ಲಿ, ಕಾಗದದಲ್ಲಿ, ಗಡಿಯಾರದಲ್ಲಿ. ಠಾಣಾ ಕುಶನೂರದಿಂದ ಉದಗೀರದ ಅಡತಿಗೆ ಹೋಗಿ ಬರುವಾಗ ಇವು ಮೂರೂ ನಮ್ಮನ್ನು ಕಾಡುವುದಿಲ್ಲವಲ್ಲ, ಅದಕ್ಕೇ ಲಕ್ಷ್ಯ ಇರುವುದಿಲ್ಲ. ನಾನು ಕಂಡದ್ದನ್ನೂ ಜೊತೆಗೆ ಬಂದವರು ಉಂಡದ್ದನ್ನೂ ನೆನಪಾದ ಹಾಗೆ ಬರೆದಿದ್ದೇನೆ. ಕ್ರಮ ಹುಡುಕಬೇಡ.

• ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ನೋಡು. ನಮ್ಮ ಕಡೆ ಎಷ್ಟೋ ಜನರಿಗೆ ಶಾಲೆಯ ದಾಖಲೆಯಲ್ಲಿ ಒಂದೇ ಹೆಸರು. ಪಾಸ್‌ಪೋರ್ಟಿನಲ್ಲೂ ಅಡ್ಡಹೆಸರಿನ ಜಾಗ ಖಾಲಿ. ಹೀಗೆ ಒಂದೇ ಹೆಸರಿದ್ದವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ಮಾಡಿತು. ಎರಡನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಅಂತ ಆಮೇಲೆ ಹೇಳಿದರು, ಖರೇ. ಆದರೆ ನಡುರಾತ್ರಿ ಕೌಂಟರಿನಲ್ಲಿ ನಿಂತು ವಾದ ಮಾಡುವುದಕ್ಕಿಂತ ಅಡ್ಡಹೆಸರು ಸೇರಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದು ಚಲೋ. ಹಾಗೇ ಮುಗಿಯುವ ತಾರೀಖೂ ನೋಡು. ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಬಹಳ ದೇಶಗಳಿಗೆ ಅದು ಸತ್ತ ಪಾಸ್‌ಪೋರ್ಟೇ.

• ಟಿಕೀಟಿನ ಮೇಲೆ 15ನೇ ತಾರೀಖು, 00.40 ಗಂಟೆ ಅಂತ ಇದ್ದರೆ, ನೀನು ಮನೆ ಬಿಡಬೇಕಾದದ್ದು 14ರಂದು. ಹದಿನೈದರ ರಾತ್ರಿ ಊಟ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಜೀಪು ಮಾಡಿಕೊಂಡು ಹೋಗಿ ಬರಿಗೈಲಿ ತಿರುಗಿ ಬಂದವರನ್ನು ನಾನು ಬಲ್ಲೆ. ಬೀದರಿನಿಂದ ಬೆಂಗಳೂರಿಗೆ 2020ರಲ್ಲಿ ವಿಮಾನ ಶುರುವಾಯಿತು, ನಡುವೆ ನಿಂತಿತು, 2025ರಲ್ಲಿ ಮತ್ತೆ ಶುರುವಾಯಿತು. ಆದರೂ ಹೊರದೇಶಕ್ಕೆ ಹೋಗಲು ನಮಗೆ ಹೈದರಾಬಾದಿನ ಶಂಷಾಬಾದೇ ಹತ್ತಿರ. ಔರಾದ, ಬೀದರ, ಜಹೀರಾಬಾದ ದಾಟಿ ಹೈದರಾಬಾದಿನ ರಿಂಗ್ ರೋಡು ಹಿಡಿಯುವುದರೊಳಗೆ ಎಲ್ಲಾದರೂ ಒಂದು ಕಡೆ ಲಾರಿ ಅಡ್ಡ ಬಿದ್ದೇ ಇರುತ್ತದೆ ಅಂತ ಲೆಕ್ಕ ಹಾಕಿಯೇ ಹೊರಡು.

• ಬುತ್ತಿ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಟ್ಟುವವರು ನೀನಲ್ಲ, ನಿಮ್ಮವ್ವ. ಕಡಕ್ ರೊಟ್ಟಿಯಷ್ಟು ಒಳ್ಳೆಯ ಸಂಗಾತಿ ಇಲ್ಲ. ಒದ್ದೆ ಇಲ್ಲ, ವಾಸನೆ ಇಲ್ಲ, ವಾರ ಕಳೆದರೂ ಕೆಡುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ಚೂರಾಗುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ ದೊಡ್ಡ ಲಗೇಜಿನಲ್ಲಿ ಹಾಕು. ಉಪ್ಪಿನಕಾಯಿ ಎಣ್ಣೆ ಬಿಡುವ ಪದಾರ್ಥ, ಕೈಚೀಲದಲ್ಲಿ ಒಯ್ಯಬೇಡ; ನೂರು ಮಿಲಿ ಲೀಟರಿಗಿಂತ ಹೆಚ್ಚಿನ ದ್ರವ ಅಂತ ಕಸದ ಡಬ್ಬಿಗೆ ಹೋಗುತ್ತದೆ. ಒಣ ಕೊಬ್ಬರಿ ಬೇಡವೇ ಬೇಡ. ಅದರ ಎಣ್ಣೆಯ ಅಂಶ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆಯುತ್ತಾರೆ. ಪೂಜೆಯ ಪ್ರಸಾದದ ಕೊಬ್ಬರಿ ಬಟ್ಟಲು ಹಿಡಿದು ಸೆಕ್ಯುರಿಟಿಯವರ ಹತ್ತಿರ ಅಂಗಲಾಚುವುದು ಬೇಡ.

ಇವೆಲ್ಲ ಬಿಸಾಡಿದರೆ ಮುಗಿಯುವ ವಿಷಯ. ಗಸಗಸೆ ಹಾಗಲ್ಲ. ಯುಎಇ, ಸೌದಿ, ಸಿಂಗಪುರದಲ್ಲಿ ಅದು ಅಫೀಮಿನ ಗಿಡದ ಬೀಜ, ನಿಷಿದ್ಧ ಮಾಲು. ದುಬೈಯಲ್ಲಿ ಇದರಿಂದ ಜೈಲು ಕಂಡವರಿದ್ದಾರೆ. ಮನೆಯ ಮಸಾಲೆ ಪುಡಿಗೆ ಅದನ್ನು ಹುರಿದು ಹಾಕಿದ್ದಾರೋ, ಕರಜಿಕಾಯಿಯ ಹೂರಣದಲ್ಲಿ ಇದೆಯೋ, ಅವ್ವನನ್ನು ಕೂತು ಕೇಳು. "ಒಂದ್ ಚಿಟಿಕಿ ಹಾಕೀನಿ, ಅದಕ್ಕೇನಾಗ್ತದ" ಅಂದರೆ ಡಬ್ಬಿ ಮನೆಯಲ್ಲೇ ಇಳಿಸು. ಕೋಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಇರುವ ನೋವಿನ ಗುಳಿಗೆಗೂ ಅಲ್ಲಿ ಇದೇ ಕಣ್ಣು. ಬೇಕೇ ಬೇಕಾದರೆ ಮೊದಲೇ ಅವರ ಆರೋಗ್ಯ ಇಲಾಖೆಯ ಅನುಮತಿ ತೆಗೆದುಕೊಂಡು, ಡಾಕ್ಟರ ಚೀಟಿ ಜೊತೆಗಿಟ್ಟುಕೊಂಡು ಒಯ್ಯಬೇಕು.

• ನೀನು ಹೊರಡುವ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ಪೊಟ್ಟಣಗಳು ಬರುತ್ತವೆ. "ನಮ್ಮ ಹುಡುಗ ಅಲ್ಲೇ ಇದ್ದಾನ, ಇಷ್ಟು ಮುಟ್ಟಿಸಿಬಿಡು ಸಾಹೇಬಾ." ಇಲ್ಲ ಅನ್ನುವುದು ನಮ್ಮ ಸೀಮೆಯಲ್ಲಿ ಕಷ್ಟ, ನನಗೆ ಗೊತ್ತು. ಆದರೂ ಹೊಲಿದ ಪೊಟ್ಟಣ ಮುಟ್ಟಬೇಡ. ಅವರ ಎದುರಿಗೇ ಬಿಚ್ಚಿ, ನೋಡಿ, ನೀನೇ ಮತ್ತೆ ಕಟ್ಟು. ಬಿಚ್ಚಿದ್ದಕ್ಕೆ ಯಾರಿಗಾದರೂ ಬೇಜಾರಾದರೆ ಆಗಲಿ. ಕಸ್ಟಮ್ಸಿನ ಮುಂದೆ ಚೀಲ ಯಾರ ಕೈಯಲ್ಲಿದೆಯೋ ಮಾಲು ಅವನದೇ. "ಬೇರೆಯವರು ಕೊಟ್ಟದ್ದು" ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ.

• ಆಫ್ರಿಕಾ ಅಂದ ಕೂಡಲೇ ಹಳದಿ ಜ್ವರದ ಚುಚ್ಚುಮದ್ದು ನೆನಪಿರಲಿ. ಹೈದರಾಬಾದಿನ ನಾರಾಯಣಗುಡದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಹಾಕುತ್ತಾರೆ, ಹಳದಿ ಬಣ್ಣದ ಪುಸ್ತಕ ಕೊಡುತ್ತಾರೆ. ಹಾಕಿಸಿಕೊಂಡು ಹತ್ತು ದಿನ ಆದ ಮೇಲೆಯೇ ಅದಕ್ಕೆ ಕಿಮ್ಮತ್ತು, ಆದ್ದರಿಂದ ನಾಳೆ ವಿಮಾನ, ಇವತ್ತು ಇಂಜೆಕ್ಷನ್ ಅನ್ನುವ ಆಟ ನಡೆಯುವುದಿಲ್ಲ. 2016ರ ಜುಲೈಯಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಪುಸ್ತಕ ಮಾತ್ರ ಕಳೆಯಬಾರದು.

ಇದರಲ್ಲೊಂದು ಸಣ್ಣ ಕೊಕ್ಕೆ ಇದೆ. ಮೊಜಾಂಬಿಕ್, ಮಲಾವಿ ಹಳದಿ ಜ್ವರದ ದೇಶಗಳಲ್ಲ. ನಮ್ಮ ಜೊತೆಗಿದ್ದ ಒಬ್ಬರು ಅದನ್ನೇ ಹಿಡಿದುಕೊಂಡು "ನನಗೇಕೆ ಚುಚ್ಚುಮದ್ದು" ಅಂದರು. ಆದರೆ ಬರುವ ದಾರಿ ಇಥಿಯೋಪಿಯಾದ ಅದಿಸ್ ಅಬಾಬಾ ಮೇಲೆ. ಅಲ್ಲಿ ವಿಮಾನ ತಡವಾಯಿತು, ಕಂಪನಿಯವರು ಊರೊಳಗಿನ ಹೋಟೆಲಿನಲ್ಲಿ ರಾತ್ರಿ ಮಲಗಲು ವ್ಯವಸ್ಥೆ ಮಾಡಿದರು, ಇವರು ಖುಷಿಯಿಂದ ಹೋಗಿ ಮಲಗಿದರು. ವಿಮಾನ ನಿಲ್ದಾಣದ ಒಳಗೇ ಕೂತಿದ್ದರೆ ನಮ್ಮ ಸರ್ಕಾರ ಬಿಡುತ್ತದೆ. ಹೊರಗೆ ಕಾಲಿಟ್ಟರೆ ಆ ದೇಶಕ್ಕೆ ಹೋಗಿ ಬಂದ ಹಾಗೆಯೇ. ಇಲ್ಲಿಗೆ ಬಂದಿಳಿದ ಮೇಲೆ ಆರು ದಿನದ ಕ್ವಾರಂಟೀನ್ ಅಂದರು. ಮನೆಯವರು ಗೇಟಿನ ಹೊರಗೆ ಹಾರ ಹಿಡಿದು ನಿಂತಿದ್ದರು, ಪಾಪ. ಆ ಮನುಷ್ಯ ಒಳಗಿನಿಂದ ಫೋನಿನಲ್ಲಿ "ನನಗೆ ಜಡ್ಡೇನೂ ಇಲ್ಲ, ನೀವು ಊರಿಗೆ ಹೋಗ್ರಿ" ಅಂತ ಕೂಗುತ್ತಿದ್ದ.

• ಗಡಿಯಾರದ ವಿಷಯ. ತಾಂಜಾನಿಯಾದಲ್ಲಿ ಸ್ವಾಹಿಲಿ ಮಾತಾಡುವವರು ತಾಸು ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ಭೂಮಧ್ಯರೇಖೆಗೆ ಹತ್ತಿರದ ದೇಶ, ವರ್ಷವಿಡೀ ಆರರ ಸುಮಾರಿಗೇ ಬೆಳಗಾಗುತ್ತದೆ. ಹಾಗಾಗಿ ನಮ್ಮ ಏಳು ಗಂಟೆ ಅವರ ಒಂದು, ನಮ್ಮ ಒಂಬತ್ತು ಅವರ ಮೂರು. ಕೈಯಲ್ಲಿ ಕಟ್ಟಿದ ಗಡಿಯಾರ ನಮ್ಮ ಹಾಗೇ ಇರುತ್ತದೆ, ಬಾಯಲ್ಲಿ ಹೇಳುವ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಮಾತಾಡುವ ಆಫೀಸಿನವರು ನಮ್ಮ ಲೆಕ್ಕ ಹೇಳುತ್ತಾರೆ, ಗೋದಾಮಿನ ಹಮಾಲರ ಮುಕದ್ದಮ ಅವರ ಲೆಕ್ಕ ಹೇಳುತ್ತಾನೆ. ಮ್ತ್ವಾರಾ ಕಡೆ ಮಾಲು ನೋಡಲು ಹೋದಾಗ ಮೂರಕ್ಕೆ ಲಾರಿ ತುಂಬುತ್ತೇವೆ ಅಂದಿದ್ದ ಒಬ್ಬ. ನಮ್ಮವರು ಊಟ ಮಾಡಿ, ಒಂದು ನಿದ್ದೆ ತೆಗೆದು, ಮಧ್ಯಾಹ್ನ ಮೂರಕ್ಕೆ ಗೋದಾಮಿಗೆ ಹೋದರೆ ಅಲ್ಲಿ ಕಸ ಗುಡಿಸುತ್ತಿದ್ದರು. ಲಾರಿ ಬೆಳಗ್ಗೆ ಒಂಬತ್ತಕ್ಕೇ ತುಂಬಿ, ದಾರ್ ಎಸ್ ಸಲಾಮಿನ ಹಾದಿ ಹಿಡಿದಿತ್ತು. ಯಾವ ಚೀಲದಿಂದ ಸ್ಯಾಂಪಲ್ ತೆಗೆದರು, ತೂಕಕ್ಕೆ ಯಾರು ನಿಂತರು, ಕೇಳಲು ಯಾರೂ ಇಲ್ಲ. ಇಥಿಯೋಪಿಯಾದಲ್ಲೂ ಇದೇ ಲೆಕ್ಕ. ತಾಸು ಕೇಳಬೇಡ, "ನಾಷ್ಟಾ ಆದ ಮೇಲೋ, ಮಧ್ಯಾಹ್ನದ ಊಟ ಆದ ಮೇಲೋ" ಅಂತ ಕೇಳು. ಇಲ್ಲವೇ ಅವನ ಕೈಗೇ ಗಡಿಯಾರ ಕೊಟ್ಟು ಬೆರಳಿಟ್ಟು ತೋರಿಸು ಅನ್ನು.

• ಸ್ಯಾಂಪಲ್ ಚೀಲ ಬಟ್ಟೆಯದಿರಲಿ. ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ, ವಿಮಾನ ಇಳಿದ ಕೂಡಲೇ ತೆಗೆದಿಡಿಸುತ್ತಾರೆ. ಬರುವಾಗ ಅಲ್ಲಿನ ತೊಗರಿಯ ಕಾಳು ಜೇಬಿನಲ್ಲಿ ಹಾಕಿಕೊಂಡು ಬರುವ ಚಟ ಎಲ್ಲರಿಗೂ ಇದೆ. ಹುಳು, ರೋಗ ಒಳಗೆ ಬರಬಾರದು ಅಂತ 2003ರ ಸಸ್ಯ ಕ್ವಾರಂಟೀನ್ ಆದೇಶ ಇದೆ ನಮ್ಮಲ್ಲಿ. ಸ್ಯಾಂಪಲ್ ಬೇಕಾದರೆ ಕಾಗದ ಪತ್ರ ಮಾಡಿಸಿ ಕೊರಿಯರಿನಲ್ಲಿ ತರಿಸು. ನಮ್ಮ ಹೊಲಗಳಲ್ಲಿ ಗೊಡ್ಡುರೋಗ, ಸಿಡಿರೋಗ ಇರುವುದೇ ಸಾಕಾಗಿದೆ.

• ಡಾಲರ್ ನೋಟು ಮಡಚಬೇಡ. ರಂಗೂನಿನಲ್ಲಿ ಮಡಿಕೆ ಬಿದ್ದ, ಪೆನ್ನಿನ ಗೀರು ಬಿದ್ದ, ಶಿಕ್ಕಾ ಹೊಡೆದ ನೋಟು ಮುಟ್ಟುವುದಿಲ್ಲ. ನೂರರ ಹೊಸ ನೋಟಿಗೆ ಒಂದು ಭಾವ, ಸಣ್ಣ ನೋಟಿಗೆ ಕಡಿಮೆ ಭಾವ. ತಾಂಜಾನಿಯಾದಲ್ಲಿ ಹಳೇ ವರ್ಷದ ನೋಟಿಗೂ ಮೂತಿ ತಿರುಗಿಸುತ್ತಾರೆ. ಸೊಂಟದ ಚೀಲದಲ್ಲಿ ಬೆವರು ಹಿಡಿಸಿ ಒಯ್ಯುವ ನಮ್ಮ ಪದ್ಧತಿ ಅಲ್ಲಿ ನಡೆಯದು. ದಪ್ಪ ರಟ್ಟಿನ ಡೈರಿಯೊಳಗೆ ಇಟ್ಟುಕೋ.

• ರಂಗೂನಿನಲ್ಲಿ ಬೇಳೆಕಾಳಿನ ವ್ಯಾಪಾರ ಬಾಯಿನ್‌ನಾಂಗ್ ಪೇಟೆಯಲ್ಲಿ. ಉದ್ದಿನಲ್ಲಿ ಎಫ್‌ಎಕ್ಯೂ, ಎಸ್‌ಕ್ಯೂ, ತೊಗರಿಯಲ್ಲಿ ಲೆಮನ್ ಅನ್ನುವ ದರ್ಜೆಯ ಹೆಸರುಗಳು ನಿನಗೆ ಗೊತ್ತೇ ಇವೆ. ಗೊತ್ತಿಲ್ಲದ್ದು ಊಟ. ಅಲ್ಲಿನ ಅಡಿಗೆಗೆ ಹುಳಿ ಬರಿಸಿದ ಮೀನಿನ ಮುದ್ದೆ, ಙಪಿ ಅನ್ನುತ್ತಾರೆ, ಅದು ನಮ್ಮ ಒಗ್ಗರಣೆ ಇದ್ದ ಹಾಗೆ. ಸೊಪ್ಪಿನ ಪಲ್ಲೆಗೂ ಬೀಳುತ್ತದೆ. ಮಾಂಸ ಬೇಡ ಅಂದರೆ ಸಾಲದು. ಹೋಟೆಲಿನವರ ಕೈಯಲ್ಲಿ ಬರ್ಮೀ ಲಿಪಿಯಲ್ಲೇ ಚೀಟಿ ಬರೆಸಿಕೋ: ಮಾಂಸ, ಮೀನು, ಮೀನಿನ ಮುದ್ದೆ, ಸೀಗಡಿ ಪುಡಿ ಯಾವುದೂ ಬೇಡ ಅಂತ. ಪಗೋಡದೊಳಗೆ ಚಪ್ಪಲಿ ಮಾತ್ರವಲ್ಲ, ಕಾಲುಚೀಲವನ್ನೂ ಕಳಚಬೇಕು.

ಅಲ್ಲಿನ ರಸ್ತೆಯೂ ವಿಚಿತ್ರ. 1970ರಿಂದ ಗಾಡಿ ಓಡುವುದು ಬಲಬದಿಗೆ, ಆದರೆ ಜಪಾನಿನಿಂದ ಬಂದ ಹಳೇ ಕಾರುಗಳ ಸ್ಟಿಯರಿಂಗೂ ಬಲಕ್ಕೇ. ಎಡಬಾಗಿಲು ತೆಗೆದರೆ ನೇರ ರಸ್ತೆಯ ನಡುವೆ ಇಳಿಯುತ್ತೀ. ಹಿಂದೆ ನೋಡಿ ಇಳಿ.

• ಬಂದರಿನಲ್ಲಿ ಫೋಟೋ ಹೊಡೆಯಬೇಡ. ಚೀಲಗಳ ರಾಶಿ ನೋಡಿ ಮಿಲ್ಲಿನವರಿಗೆ ಕಳಿಸೋಣ ಅನ್ನಿಸುತ್ತದೆ. ಆಫ್ರಿಕಾದ ಬಹಳ ದೇಶಗಳಲ್ಲಿ ಬಂದರು, ಸೇತುವೆ, ಸರ್ಕಾರಿ ಕಟ್ಟಡ, ಪೊಲೀಸರ ಚಿತ್ರ ತೆಗೆಯುವುದು ತಪ್ಪು. ಮೊದಲು ಕೇಳು.

• ದುಬೈಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಇದನ್ನು ಹೊರಡುವ ಮುಂಚೆಯೇ ಮನೆಯಲ್ಲಿ ಹೇಳಿ ಹೋಗು. ಇಲ್ಲದಿದ್ದರೆ "ಫೋನ್ ಹತ್ತವಲ್ದು, ಏನಾಯ್ತೋ ಏನೋ" ಅಂತ ಅವ್ವ ಅಮರೇಶ್ವರನಿಗೆ ಹರಕೆ ಹೊರುತ್ತಾಳೆ, ನಿಮ್ಮಪ್ಪ ನನಗೆ ನಡುರಾತ್ರಿ ಫೋನ್ ಮಾಡುತ್ತಾನೆ. ಇಲ್ಲಿಯ ಸಿಮ್ ತೆಗೆದು ಬಿಸಾಡಬೇಡ, ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ರೋಮಿಂಗ್ ಇರಲಿ, ಡೇಟಾ ಬಂದ್ ಮಾಡು.

• ಉಡುಗೊರೆ ಅಂತ ಏನಾದರೂ ಒಯ್ಯಬೇಕೆಂದರೆ ಬಿದ್ರಿ ಒಯ್ಯಿ. ಗೋಡೆ ಗಡಿಯಾರ, ಡ್ರೈಫ್ರೂಟ್ ಡಬ್ಬಿ ಎಲ್ಲರೂ ಕೊಡುತ್ತಾರೆ. ಸತುವಿಗೆ ಚೂರು ತಾಮ್ರ ಸೇರಿಸಿ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂಡಿಸಿ, ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದಾಗ ಸತುವು ಕಾಡಿಗೆಯಂತೆ ಕಪ್ಪಾಗಿ ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಇದನ್ನು ಹೇಳುತ್ತಾ ಕೂತರೆ ಎದುರಿನವನು ಭಾವದ ಚೌಕಾಸಿ ಸ್ವಲ್ಪ ಹೊತ್ತು ಮರೆಯುತ್ತಾನೆ. 2023ರಲ್ಲಿ ಶಾ ರಶೀದ್ ಅಹ್ಮದ್ ಕಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಇದೇ ಕಸುಬಿಗೆ ಅಂತಲೂ ಹೇಳು.

ಆದರೆ ಅಂಗಡಿಯಿಂದ ಹೊಸದು ಕೊಳ್ಳು, ಬಿಲ್ಲು ಇಟ್ಟುಕೋ. ಅಟ್ಟದ ಮೇಲಿನ ಅಜ್ಜನ ಪಾನ್‌ದಾನ ತೊಳೆದು ಒಯ್ಯಬೇಡ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ದೇಶದ ಹೊರಗೆ ಒಯ್ಯುವಂತಿಲ್ಲ ಅಂತ 1972ರ ಪುರಾತನ ವಸ್ತುಗಳ ಕಾಯ್ದೆ ಇದೆ. ಪರಿಚಯದ ಒಬ್ಬರು ದೊಡ್ಡಸ್ತಿಕೆಗೆ ಮನೆಯ ಹಳೇ ಹುಕ್ಕಾದ ಬುಡ ಕಟ್ಟಿಕೊಂಡು ಹೊರಟರು. ಎಕ್ಸ್‌ರೇಯಲ್ಲಿ ಅದು ಕಪ್ಪು ಗಡ್ಡೆಯಂತೆ ಕಂಡು ತೆಗೆಸಿದರು. ತೆಗೆದ ಮೇಲೆ "ಇದು ಎಷ್ಟು ಹಳೇದು" ಅನ್ನುವ ಪ್ರಶ್ನೆ. ಇವರು ಹೆಮ್ಮೆಯಿಂದ "ನಮ್ಮ ಮುತ್ತಜ್ಜನ ಕಾಲದ್ದು" ಅಂದರು. ಅಲ್ಲಿಗೆ ಮುಗಿಯಿತು. ಬಿಡಲು ಬಂದಿದ್ದ ಅಳಿಯನ ಕೈಯಲ್ಲಿ ಹುಕ್ಕಾ ಬೀದರಿಗೆ ವಾಪಸ್. ಹೊಸದಾಗಿದ್ದೂ ಹಳೆಯದರಂತೆ ಕಾಣುವ ತುಣುಕಿದ್ದರೆ, ಪುರಾತತ್ವ ಇಲಾಖೆಯವರು ಇದು ಪುರಾತನವಲ್ಲ ಅಂತ ಪ್ರಮಾಣಪತ್ರ ಕೊಡುತ್ತಾರೆ.

• ಸೌದಾಕ್ಕೆ ಸಹಿ ಹಾಕುವ ದಿನ ಬೆಳಗ್ಗೆ ಎದ್ದು ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅಧಿಸೂಚನೆ ನೋಡು, ಆಮೇಲೆ ಚಹಾ. 2017ರ ಆಗಸ್ಟ್ 5ರಂದು ನಮ್ಮ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಆಫ್ರಿಕಾದಲ್ಲಿ ಆಗ ಸುಗ್ಗಿ. ಅಲ್ಲಿ ಭಾವ ನೆಲ ಕಚ್ಚಿತು. 2021ರ ಮೇನಲ್ಲಿ ಮತ್ತೆ ಬಾಗಿಲು ತೆರೆದರು. ಮೊಜಾಂಬಿಕ್ ಜೊತೆಗೆ 2016ರಲ್ಲೇ ಸರ್ಕಾರದ ಒಪ್ಪಂದ ಆಯಿತು, ಆಮೇಲೆ ಅದು ವರ್ಷಕ್ಕೆ 2 ಲಕ್ಷ ಟನ್ನಿಗೆ ಬಂತು. ಒಪ್ಪಂದ ಇದ್ದೂ 2023ರ ಕೊನೆಗೆ ಅಲ್ಲಿನ ಜಗಳಗಳಿಂದ ನಕಾಲಾ ಬಂದರಿನಲ್ಲಿ ತೊಗರಿ ಸಿಕ್ಕಿಕೊಂಡಿತ್ತು. ಹೀಗಾಗಿ ವಾಪಸಾತಿ ಟಿಕೀಟು ಬದಲಿಸಲು ಬರುವಂಥದ್ದೇ ತೆಗೆ, ನಾಲ್ಕು ಕಾಸು ಹೆಚ್ಚಾದರೂ ಆಗಲಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಅಲ್ಲಿನ ತೊಗರಿ ಆಗಸ್ಟಿನಿಂದ ಬರಲು ಶುರುವಾಗುತ್ತದೆ, ನಮ್ಮದು ಡಿಸೆಂಬರಿಗೆ ರಾಶಿಗೆ ಬರುತ್ತದೆ. ನೀನು ಅಗ್ಗಕ್ಕೆ ತಂದ ಹಡಗಿನ ಸುದ್ದಿ ನಮ್ಮ ಔರಾದ ಸೀಮೆಯ ರೈತನ ಕಣಕ್ಕೆ ಮೊದಲು ಮುಟ್ಟುತ್ತದೆ. ವ್ಯಾಪಾರ ಬಿಡು ಅನ್ನುವುದಿಲ್ಲ, ನಾನೂ ಅದನ್ನೇ ಮಾಡಿದವನು. ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಅಲ್ಲಿನ ಅಗ್ಗದ ಭಾವ ಜಂಬದಿಂದ ಹೇಳಬೇಡ, ಅಷ್ಟೇ.

• "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಅಡ್ವಾನ್ಸ್ ಈ ಹೊಸ ನಂಬರಿಗೆ ಹಾಕಿರಿ" ಅನ್ನುವ ಇಮೇಲ್ ಬಂದರೆ ಒಂದು ಪೈಸೆಯೂ ಹಾಕಬೇಡ. ಕಳ್ಳರು ಇಮೇಲಿನೊಳಗೆ ಕೂತು ನಿಮ್ಮ ಮಾತೆಲ್ಲ ಓದಿ, ಸರಿಯಾದ ಹೊತ್ತಿಗೆ ಅದೇ ಧಾಟಿಯಲ್ಲಿ ಬರೆಯುತ್ತಾರೆ. ವಿಳಾಸದಲ್ಲಿ ಒಂದಕ್ಷರ ಮಾತ್ರ ಹೆಚ್ಚು ಕಡಿಮೆ. ನಿನ್ನ ಹತ್ತಿರ ಮೊದಲಿನಿಂದ ಇರುವ ನಂಬರಿಗೇ ಫೋನ್ ಮಾಡಿ, ದನಿ ಗುರುತು ಹಿಡಿದು, ಆಮೇಲೆ ಹಾಕು. ಇಮೇಲಿನ ಕೆಳಗೆ ಬರೆದಿರುವ ನಂಬರಿಗೆ ಫೋನ್ ಮಾಡಿದರೆ ಕಳ್ಳನೇ ಎತ್ತುತ್ತಾನೆ.

• ಪಾಸ್‌ಪೋರ್ಟ್ ಕಳೆದರೆ ಗಾಬರಿಯಾಗಿ ಊರಿಗೆ ಫೋನ್ ಮಾಡುತ್ತಾ ಕೂರಬೇಡ, ಇಲ್ಲಿ ಕೂತ ನಾವೇನು ಮಾಡಲಾದೀತು? ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು, ಅದರ ನಕಲು ಹಿಡಿದು ನಮ್ಮ ರಾಯಭಾರ ಕಚೇರಿಗೆ ಹೋಗು. ಊರಿಗೆ ಮರಳುವಷ್ಟಕ್ಕೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದಕ್ಕೆ ಪಾಸ್‌ಪೋರ್ಟಿನ ನಕಲೂ ಎರಡು ಫೋಟೋವೂ ಬೇರೆ ಚೀಲದಲ್ಲಿ ಇದ್ದರೆ ಕೆಲಸ ಲಗೂನ ಆಗುತ್ತದೆ.

• ದುಬೈ ಬಂಗಾರ. ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗೆ ಮಾತ್ರ. ವಾರಕ್ಕೆ ಹೋಗಿ ಬಂದ ನಿನಗಿಲ್ಲ. ನಿಮ್ಮಕ್ಕ ಬಂಗಾರ ತಾ ಅಂದರೆ ಹಾಗೇ ಹೇಳು. ಉಳಿದ ಡಾಲರ್ ನೋಟು 5,000ಕ್ಕಿಂತ ಹೆಚ್ಚಿದ್ದರೆ ಇಳಿದ ಕೂಡಲೇ ಘೋಷಣೆ ಮಾಡಬೇಕು. ನಮ್ಮ ರೂಪಾಯಿ ಹೋಗುವಾಗಲೂ ಬರುವಾಗಲೂ 25,000ಕ್ಕಿಂತ ಹೆಚ್ಚು ಇರಬಾರದು.

• ಪವರ್ ಬ್ಯಾಂಕ್ ಕೈಚೀಲದಲ್ಲಿ. ದೊಡ್ಡ ಲಗೇಜಿನಲ್ಲಿ ಅಲ್ಲ.

• ಆಫ್ರಿಕಾದಿಂದ ಬಂದ ಮೇಲೆ, ವಾರ ಕಳೆದಿರಲಿ, ಎರಡು ತಿಂಗಳು ಕಳೆದಿರಲಿ, ಜ್ವರ ಬಂದರೆ ಔರಾದದಲ್ಲಿ ಒಂದು ಇಂಜೆಕ್ಷನ್ ಮಾಡಿಸಿಕೊಂಡು ಮಲಗಬೇಡ. ಅಲ್ಲಿನ ಮಲೇರಿಯಾ ಬಹುಮಟ್ಟಿಗೆ ಫಾಲ್ಸಿಪಾರಮ್ ಜಾತಿಯದು, ಮಿದುಳಿಗೆ ಏರಬಲ್ಲದು, ದಿನಗಳಲ್ಲಿ ಕೈಮೀರುತ್ತದೆ. ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಹೋಗಿ, ಡಾಕ್ಟರು ಕೇಳಲಿ ಬಿಡಲಿ, ಮೊದಲ ಮಾತೇ "ಆಫ್ರಿಕಾಕ್ಕೆ ಹೋಗಿ ಬಂದೀನ್ರಿ" ಅನ್ನು. ಅವತ್ತೇ ರಕ್ತ ಪರೀಕ್ಷೆ ಮಾಡಿಸು. ಮೊದಲ ಸಲ ಏನೂ ಸಿಗದಿದ್ದು ಜ್ವರ ಮಾತ್ರ ಬಿಡದಿದ್ದರೆ ಮರುದಿನ ಮತ್ತೆ ಮಾಡಿಸು.